ಗಂಡನ ಮನೆಯ ಸ್ನೈಡರ್ ವಂಶ: 1754ರ ಹಿಂದಕ್ಕೆ ದಾರಿ ಸಿಗ್ತಾ ಇಲ್ಲ, ಗೊತ್ತಿದ್ದವರು ಹೇಳಿ

ಸುಮಾ_ಬರ್ಕ್ಸ್
ಎಲ್ಲರಿಗೂ ನಮಸ್ಕಾರ. ನಾನಿರೋದು ಪೆನ್ಸಿಲ್ವೇನಿಯಾದ ಬರ್ಕ್ಸ್ ಕೌಂಟಿಯಲ್ಲಿ. ತವರು ಹಾಸನದ ಕಡೆ, ಗಂಡ ಇಲ್ಲಿಯವರು. ಅವರ ಮನೆಹೆಸರು ಸ್ನೈಡರ್. ಮಗಳಿಗೆ ಸ್ಕೂಲಲ್ಲಿ ವಂಶವೃಕ್ಷ ಬರೆದುಕೊಂಡು ಬಾ ಅಂದರು. ನನ್ನ ಕಡೆಯದು ಅಜ್ಜಿಗೆ ಫೋನ್ ಮಾಡಿ ಮುಗಿಸಿದೆ. ಗಂಡನ ಕಡೆಯದಕ್ಕೆ ಕೈ ಹಾಕಿದವಳು ಇನ್ನೂ ಎದ್ದಿಲ್ಲ. ಸ್ಕೂಲಿನ ಕೆಲಸ ಮುಗಿದು ಹೋಯ್ತು, ನನ್ನ ಹುಚ್ಚು ಮುಗಿದಿಲ್ಲ.

ಜನಗಣತಿ, ವಿಲ್‌ಗಳು ಹಿಡಿದುಕೊಂಡು ಪೀಟರ್ ಸ್ನೈಡರ್ ಅನ್ನುವವರ ತನಕ ಬಂದಿದ್ದೇನೆ. ಅವರ ಸಮಾಧಿ ಕಲ್ಲು ಇಲ್ಲೇ ಹತ್ತಿರದ ಚರ್ಚಿನ ಹಿತ್ತಲಲ್ಲಿದೆ. ಬರಹ ಜರ್ಮನ್‌ನಲ್ಲಿದೆ, ಅರ್ಧ ಪಾಚಿ. ಹುಟ್ಟಿದ್ದು 1754, ತೀರಿದ್ದು 1829. ಅದರ ಹಿಂದೆ ಕತ್ತಲೆ.

ಮಾವ ಹೇಳೋದು ಮೂರು ಮಾತು. ಒಂದು, ಮೂವರು ಅಣ್ಣತಮ್ಮಂದಿರು ಒಂದೇ ಹಡಗಲ್ಲಿ ಬಂದರು, ಒಬ್ಬ ಇಲ್ಲಿ ಉಳಿದ, ಒಬ್ಬ ದಕ್ಷಿಣಕ್ಕೆ ಹೋದ, ಒಬ್ಬನ ಸುದ್ದಿಯೇ ಇಲ್ಲ. ಎರಡು, ಷ್ನೈಡರ್ ಅಂತಿದ್ದ ಹೆಸರನ್ನು ನ್ಯೂಯಾರ್ಕ್ ಬಂದರಿನ ವಲಸೆ ಕಚೇರಿ ಎಲ್ಲಿಸ್ ಐಲ್ಯಾಂಡ್‌ನ ಆಫೀಸರ್ ಸ್ನೈಡರ್ ಮಾಡಿದ. ಮೂರು, ಜರ್ಮನಿಯಲ್ಲಿ ಮನೆತನಕ್ಕೆ ಲಾಂಛನ ಇತ್ತು. ಹಾಲ್‌ನಲ್ಲಿ ಫ್ರೇಮ್ ಹಾಕಿಸಿ ತೂಗುಹಾಕಿದ್ದಾರೆ.

ಆನ್‌ಲೈನ್ ವಂಶವೃಕ್ಷಗಳಲ್ಲಿ ಪೀಟರ್ ಅವರ ತಂದೆ ಯೋಹಾನ್ ಪೀಟರ್ ಷ್ನೈಡರ್ ಅಂತಿದೆ. ಜರ್ಮನಿಯ ಕ್ರೈಶ್‌ಗೌ ಸೀಮೆಯ ಒಂದು ಹಳ್ಳಿಯಲ್ಲಿ 1712ರಲ್ಲಿ ದೀಕ್ಷಾಸ್ನಾನ, 1738ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದರು ಅಂತ. ಎಷ್ಟೋ ಜನ ಅದನ್ನೇ ಹಾಕಿಕೊಂಡಿದ್ದಾರೆ. ನಾನೂ ಹಾಕಿಕೊಳ್ಳಬಹುದಾ?

ಧಾರವಾಡದವ
ಹಾಕ್ಕೊಳ್ರಿ ಅಕ್ಕಾರ, ಯಾರು ಬಂದು ಕೇಳ್ತಾರ! 🙂

ಹಳೇ_ಕಡತ
ದಯವಿಟ್ಟು ಹಾಕಿಕೊಳ್ಳಬೇಡಿ. ನಲವತ್ತು ಜನ ಒಂದೇ ಮಾತು ಹೇಳಿದರೆ ನಲವತ್ತು ಸಾಕ್ಷಿ ಆಗೋದಿಲ್ಲ. ಒಬ್ಬ ಬರೆದ, ಉಳಿದವರು ಒತ್ತಿ ತಂದುಕೊಂಡರು, ಅಷ್ಟೇ.

ಮೊದಲು ಮಾವನವರ ಮಾತು. ಎಲ್ಲಿಸ್ ಐಲ್ಯಾಂಡ್ ತೆರೆದದ್ದು 1892ರಲ್ಲಿ. ನಿಮ್ಮ ಪೀಟರ್ ಅದಕ್ಕೆ 138 ವರ್ಷ ಮುಂಚೆ ಪೆನ್ಸಿಲ್ವೇನಿಯಾದಲ್ಲಿ ತೊಟ್ಟಿಲಲ್ಲಿದ್ದರು. ಅಲ್ಲದೆ ಎಲ್ಲಿಸ್ ಐಲ್ಯಾಂಡ್‌ನಲ್ಲೂ ಯಾರ ಹೆಸರನ್ನೂ ಬದಲಿಸುತ್ತಿರಲಿಲ್ಲ. ಹಡಗಿನವರು ತಂದ ಪಟ್ಟಿಗೆ ಟಿಕ್ ಹಾಕುತ್ತಿದ್ದರು. ಹೆಸರು ಬದಲಾದದ್ದು ಇಲ್ಲಿ ನೆಲೆಸಿದ ಮೇಲೆ, ನಿಧಾನಕ್ಕೆ. ತೆರಿಗೆ ಗುಮಾಸ್ತ ಇಂಗ್ಲಿಷ್‌ನವನು, ಕಿವಿಗೆ ಬಿದ್ದಂತೆ ಬರೆದ. ಅದೇ ಮನುಷ್ಯ ಚರ್ಚಿನಲ್ಲಿ ಷ್ನೈಡರ್, ಕಚೇರಿಯಲ್ಲಿ ಸ್ನೈಡರ್, ಕೆಲವು ಕಡೆ ಸೀದಾ ಟೈಲರ್, ಷ್ನೈಡರ್ ಅಂದರೆ ಜರ್ಮನ್‌ನಲ್ಲಿ ದರ್ಜಿ ತಾನೇ. ಹ್ಯೂಬರ್ ಹೋಗಿ ಹೂವರ್ ಆದದ್ದೂ ಹೀಗೆಯೇ. ಅಧ್ಯಕ್ಷ ಹೂವರ್ ಅವರ ಪೂರ್ವಜ ಆಂಡ್ರಿಯಾಸ್ ಹ್ಯೂಬರ್ 1738ರಲ್ಲಿ ಬಂದವರು. ಐಸೆನ್‌ಹೋವರ್ ಅವರ ಮೂಲಪುರುಷ 1741ರಲ್ಲಿ ಫಿಲಡೆಲ್ಫಿಯಾದಲ್ಲಿ ಇಳಿದಾಗ ಐಸೆನ್‌ಹೌವರ್.

ಮೂವರು ಅಣ್ಣತಮ್ಮಂದಿರ ಕಥೆ ಅಮೆರಿಕದ ಅರ್ಧ ಮನೆಗಳಲ್ಲಿದೆ. ಒಂದೇ ಹೆಸರಿನ ಬೇರೆ ಬೇರೆ ಕುಟುಂಬಗಳು ಸಿಕ್ಕಾಗ ಯಾರೋ ಹಿರಿಯರು ಕಟ್ಟಿದ ಸೇತುವೆ ಅದು. ಲಾಂಛನದ ವಿಷಯ ನಾನು ಹೇಳೋದಿಲ್ಲ, ನಿಮ್ಮ ಮನೆಯಲ್ಲಿ ಜಗಳ ಆಗಬಾರದು.

ಲ್ಯಾಂಕಾಸ್ಟರ್_ಲತಾ
ಸುಮಾ, ಮೊದಲು ಒಂದು ಹೇಳಿ. ಅವರು ಪ್ರೊಟೆಸ್ಟೆಂಟರಲ್ಲಿ ಯಾವ ಪಂಗಡ, ಲುಥೆರನ್ನಾ, ರಿಫಾರ್ಮ್ಡಾ, ಮೆನೊನೈಟಾ? ಇದು ಗೊತ್ತಾಗದೆ ಮುಂದೆ ಹೋದರೆ ಸುಮ್ನೆ ಟೈಮ್ ವೇಸ್ಟ್.

ನನ್ನ ಗಂಡನ ಕಡೆಯವರು ಮೆನೊನೈಟ್. ಅವರಲ್ಲಿ ಮಕ್ಕಳಿಗೆ ದೀಕ್ಷಾಸ್ನಾನ ಇಲ್ಲ, ದೊಡ್ಡವರಾದ ಮೇಲೆಯೇ. ಹಾಗಾಗಿ ಹುಟ್ಟಿದ ದಾಖಲೆ ಚರ್ಚಿನಲ್ಲಿ ಸಿಗೋದೇ ಇಲ್ಲ. ಜಮೀನಿನ ಪತ್ರ, ವಿಲ್, ಕುಟುಂಬದ ಬೈಬಲ್‌ನ ಹಿಂದಿನ ಹಾಳೆ, ಇಷ್ಟರಲ್ಲೇ ಹುಡುಕಬೇಕು. ಅವರ ಮೂಲ ಸ್ವಿಟ್ಜರ್ಲೆಂಡ್. ಅಲ್ಲಿಂದ ಓಡಿಸಿದ ಮೇಲೆ ಜರ್ಮನಿಯ ಪ್ಯಾಲಟಿನೇಟ್ ಸೀಮೆ, ಅಲ್ಲಿಂದ 1710ಕ್ಕೆ ಲ್ಯಾಂಕಾಸ್ಟರ್. 1719ರಲ್ಲಿ ಕಟ್ಟಿದ ಹಾನ್ಸ್ ಹೆರ್ ಮನೆ ಇನ್ನೂ ನಿಂತಿದೆ, ಈ ಕಡೆ ಬಂದರೆ ನೋಡಿ. ಕಲ್ಲಿನ ಮನೆ, ಕಿಟಕಿ ಅಂಗೈ ಅಗಲ.

ಸುಮಾ_ಬರ್ಕ್ಸ್
ಲುಥೆರನ್ ಲತಕ್ಕ. ಸಮಾಧಿ ಇರೋ ಚರ್ಚ್‌ನಲ್ಲಿ ಹಿಂದೆ ಲುಥೆರನ್, ರಿಫಾರ್ಮ್ಡ್ ಇಬ್ಬರೂ ಒಂದೇ ಕಟ್ಟಡ ಬಳಸ್ತಾ ಇದ್ದರಂತೆ, ಒಂದು ಭಾನುವಾರ ಇವರು, ಒಂದು ಭಾನುವಾರ ಅವರು.

ಹಳೇ_ಕಡತ
ಒಳ್ಳೆಯದಾಯ್ತು. ಹಾಗಾದರೆ ಎರಡೂ ಪುಸ್ತಕ ನೋಡಬೇಕು. ಗಂಡ ಲುಥೆರನ್, ಹೆಂಡತಿ ರಿಫಾರ್ಮ್ಡ್ ಇದ್ದು ಮಕ್ಕಳ ಹೆಸರು ಅಲ್ಲೊಂದು ಇಲ್ಲೊಂದು ಸೇರಿರೋದು ಸಾಮಾನ್ಯ. ಪಾದ್ರಿಗಳ ಖಾಸಗಿ ಪುಸ್ತಕಗಳನ್ನೂ ಬಿಡಬೇಡಿ. ಯೋಹಾನ್ ಕಾಸ್ಪರ್ ಸ್ಟೋವರ್ ಕುದುರೆ ಹತ್ತಿ ಊರೂರು ಸುತ್ತಿ 1730ರಿಂದ 1779ರವರೆಗೆ ಮಾಡಿದ ದೀಕ್ಷಾಸ್ನಾನ, ಮದುವೆಗಳನ್ನೆಲ್ಲ ಬರೆದಿಟ್ಟಿದ್ದಾರೆ. ಚರ್ಚೇ ಇಲ್ಲದ ಕಾಡು ಹಳ್ಳಿಗಳ ಜನ ಅದರಲ್ಲಿ ಸಿಗುತ್ತಾರೆ.

ಈಗ ಆ 1738ರ ಹಡಗಿನ ಪಟ್ಟಿ. ಅದು ಪ್ರಯಾಣಿಕರ ಪಟ್ಟಿ ಅಂತ ಎಲ್ಲರೂ ತಿಳಿದಿದ್ದಾರೆ. ಅಸಲಿಗೆ ಅದು ಪ್ರಮಾಣವಚನದ ಪಟ್ಟಿ. ಜರ್ಮನ್ನರು ಜಾಸ್ತಿ ಬರೋದು ನೋಡಿ ಪೆನ್ಸಿಲ್ವೇನಿಯಾ ಸರ್ಕಾರಕ್ಕೆ ಭಯ ಹತ್ತಿತು. 1727ರಿಂದ, ಬಂದ ಗಂಡಸರೆಲ್ಲ ಬ್ರಿಟಿಷ್ ರಾಜನಿಗೆ ನಿಷ್ಠೆ ತೋರಿಸಿ ಸಹಿ ಹಾಕಬೇಕು ಅಂತಾಯ್ತು. 16 ದಾಟಿದ ಗಂಡಸರು ಮಾತ್ರ. ಹೆಂಗಸರಿಲ್ಲ, ಮಕ್ಕಳಿಲ್ಲ, ಜ್ವರ ಬಂದು ಹಡಗಲ್ಲೇ ಮಲಗಿದ್ದವರೂ ಎಷ್ಟೋ ಸಲ ಇಲ್ಲ. ಒಂದು ಹಡಗಿಗೆ ಮೂರು ಪಟ್ಟಿ ಇರಬಹುದು: ಕ್ಯಾಪ್ಟನ್ ಕೊಟ್ಟದ್ದು, ನಿಷ್ಠೆಯ ಪ್ರಮಾಣದ್ದು, ಇನ್ನೊಂದು ಪೋಪ್ ಮತ್ತು ಹಳೇ ರಾಜವಂಶವನ್ನು ಒಪ್ಪುವುದಿಲ್ಲ ಅನ್ನೋ ಪ್ರಮಾಣದ್ದು. ಎಲ್ಲ ಹಡಗಿನ ಕ್ಯಾಪ್ಟನ್ ಪಟ್ಟಿ ಉಳಿದಿಲ್ಲ. 1934ರಲ್ಲಿ ಸ್ಟ್ರಾಸ್‌ಬರ್ಗರ್, ಹಿಂಕೆ ಇಬ್ಬರೂ ಸೇರಿ ಇದನ್ನೆಲ್ಲ ಮೂರು ಸಂಪುಟದಲ್ಲಿ ತಂದರು.

ಅದರ ಎರಡನೇ ಸಂಪುಟ ಬಂಗಾರ. ಅದರಲ್ಲಿ ಸಹಿಗಳ ಪಡಿಯಚ್ಚು ಇದೆ, ಅವರೇ ಕೈಯಾರೆ ಹಾಕಿದ್ದು. ನಿಮ್ಮವರ ಸಹಿ ಯಾವುದಾದರೂ ವಿಲ್‌ನಲ್ಲೋ ಜಮೀನು ಪತ್ರದಲ್ಲೋ ಸಿಕ್ಕಿದರೆ ಪಕ್ಕಪಕ್ಕ ಇಟ್ಟು ನೋಡಬಹುದು. ಬರೆಯಲು ಬಾರದವರ ಹೆಸರು ಗುಮಾಸ್ತ ಬರೆದು, ಅವರು ಗುರುತು ಹಾಕಿರುತ್ತಾರೆ. ಅಲ್ಲಿ ನಿಮ್ಮ ನಸೀಬು.

ಡಿಎನ್‌ಎ_ದಿನೇಶ
ಇಷ್ಟೆಲ್ಲ ಯಾಕೆ ಸ್ವಾಮಿ? ಒಂದು ಕಿಟ್ ತರಿಸಿ, ಉಗುಳಿ ಕಳಿಸಿ. ಉತ್ತರ ಬರುತ್ತೆ.

ಹಳೇ_ಕಡತ
ದಿನೇಶ್, ಯಾವ ಉತ್ತರ ಬರುತ್ತೆ? "ನೀವು ಜರ್ಮನ್" ಅಂತ. ಅದು ಅವರಿಗೆ ಗೊತ್ತು. ಏಳು ತಲೆ ಹಿಂದಿನ ಒಬ್ಬ ಮುತ್ತಜ್ಜನಿಂದ ಸರಾಸರಿ 128ರಲ್ಲಿ ಒಂದು ಪಾಲು ಬರುತ್ತೆ. ಆ ಕಡೆಯ ದೂರದ ದಾಯಾದಿಗಳಲ್ಲಿ ಎಷ್ಟೋ ಜನರ ಜೊತೆ ಏನೂ ಹೊಂದೋದೇ ಇಲ್ಲ. ಬರ್ಕ್ಸ್‌ನಲ್ಲಿ ಇನ್ನೊಂದು ತೊಂದರೆ. ಅದೇ ಕೆಲವು ಕುಟುಂಬಗಳು ನೂರಾರು ವರ್ಷ ಒಳಗೊಳಗೇ ಹೆಣ್ಣು ಕೊಟ್ಟು ತಂದುಕೊಂಡಿವೆ. ದೂರದವರೂ ಹತ್ತಿರದವರಂತೆ ಕಾಣುತ್ತಾರೆ.

ಡಿಎನ್‌ಎ_ದಿನೇಶ
ನಾನು ಹೇಳಿದ್ದು ಆ ಟೆಸ್ಟ್ ಅಲ್ಲ. ವೈ ಕ್ರೋಮೋಸೋಮ್ ಟೆಸ್ಟ್. ಅದು ಅಪ್ಪನಿಂದ ಮಗನಿಗೆ ಹೆಚ್ಚುಕಮ್ಮಿ ಹಾಗೇ ಹೋಗುತ್ತೆ, ಮನೆಹೆಸರಿನ ಜೊತೆಗೇ. ಸುಮಾ ಅವರ ಮಾವ ಮತ್ತು ಬೇರೆ ಒಬ್ಬ ಷ್ನೈಡರ್ ವಂಶದ ಗಂಡಸು, ಇಬ್ಬರೂ ಮಾಡಿಸಲಿ. ಹೊಂದಲಿಲ್ಲ ಅಂದರೆ ಆ ಕಥೆ ಅಲ್ಲಿಗೆ ಮುಗೀತು. ನಿಮ್ಮ ಚರ್ಚ್ ಪುಸ್ತಕ ಅಪ್ಪ ಅಂತ ಬರೆದವನೇ ಅಪ್ಪ ಅಂತ ಏನು ಗ್ಯಾರಂಟಿ? ಕಾಗದಕ್ಕೆ ಮರ್ಯಾದೆ ಇರುತ್ತೆ, ರಕ್ತಕ್ಕಿಲ್ಲ.

ಹಳೇ_ಕಡತ
ಅದನ್ನು ಒಪ್ಪುತ್ತೇನೆ. ಆದರೆ ಹೋಲಿಸಲು ಆ ಇನ್ನೊಬ್ಬ ಯಾರು ಅಂತ ಹುಡುಕೋಕೆ ಮತ್ತೆ ಕಾಗದವೇ ಬೇಕಲ್ಲ.

ಧಾರವಾಡದವ
ನಮ್ಮ ಕಡೆ ಈ ತಾಪತ್ರಯ ಇರಲಿಲ್ಲ ನೋಡ್ರಿ. ಹೆಳವರು ಎತ್ತು ಹೊಡಕೊಂಡು ಬರ್ತಿದ್ದರು. ಬಾಗಿಲಲ್ಲಿ ನಿಂತು ನಮ್ಮ ಮುತ್ಯಾನ ಮುತ್ಯಾನ ಹೆಸರು, ಯಾವ ಊರಿಂದ ಬಂದವರು, ಯಾರಿಗೆ ಎಷ್ಟು ಮಕ್ಕಳು, ಎಲ್ಲ ಒಪ್ಪಿಸಿ ಕಾಳು ತಗೊಂಡು ಹೋಗ್ತಿದ್ದರು. ಜರ್ಮನ್ ಮಂದಿಗೆ ಅಂಥವರು ಇರಲಿಲ್ಲೇನು?

ಕುಡ್ಲ_ಕಿಣಿ
ಆ ಕೆಲಸ ಅಲ್ಲಿ ಪಾದ್ರಿ ಮಾಡುತ್ತಿದ್ದ ಮಾರಾಯ್ರೆ. ಹುಟ್ಟು, ಮದುವೆ, ಸಾವು, ಮೂರಕ್ಕೂ ಪುಸ್ತಕ. ಆದರೆ ಆ ಅಕ್ಷರ ಓದೋದು ಇದೆಯಲ್ಲ! ನಮ್ಮ ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಶನ್‌ನವರ ಕಾಗದಗಳೂ ಇದೇ ಕುರೆಂಟ್, ಅಂದರೆ ಹಳೇ ಜರ್ಮನ್ ಕೈಬರಹದಲ್ಲಿವೆ. ಜರ್ಮನ್ ಚೆನ್ನಾಗಿ ಬಲ್ಲವರೂ ಅದರ ಮುಂದೆ ಕಣ್ಣು ಕಿರಿದು ಮಾಡುತ್ತಾರೆ. ನಾನು ಆ ಕಾಗದಗಳಿಗಾಗಿಯೇ ಕಲಿತೆ. "ಇ" ಅಕ್ಷರ "ಎನ್" ಥರ ಕಾಣುತ್ತೆ. "ಯು" ಮೇಲೆ ಒಂದು ಸಣ್ಣ ಕೊಂಡಿ ಹಾಕಿರುತ್ತಾರೆ, ಇಲ್ಲದಿದ್ದರೆ ಅದೂ "ಎನ್" ಥರವೇ. ಎಲ್ಲ ಬರೀ ಮೇಲೆ ಕೆಳಗೆ ಗೀಚು.

ಫೋಟೋ ಇದ್ದರೆ ಹಾಕಿ ಸುಮಾ, ಓದಿಕೊಡುತ್ತೇನೆ.

ಧಾರವಾಡದವ
ಕಿಟೆಲ್ ಸಾಹೇಬರೂ ಹಂಗೇ ಬರೀತಿದ್ದರೇನ್ರಿ?

ಕುಡ್ಲ_ಕಿಣಿ
ಕನ್ನಡ ಮುತ್ತಿನಂತೆ ಬರೆಯುತ್ತಿದ್ದರಂತೆ. ಆ ವಿಷಯ ಇಲ್ಲಿ ಬೇಡ, ಶುರುವಾದರೆ ನಾನು ನಿಲ್ಲಿಸೋದಿಲ್ಲ.

ಸ್ಟುಟ್‌ಗಾರ್ಟ್_ಸೀನ
ತಡವಾಗಿ ಬಂದೆ. ಸುಮಾ ಅವರೇ, ನೀವು ಖಾಸಗಿ ಸಂದೇಶದಲ್ಲಿ ಕಳಿಸಿದ ಹಳ್ಳಿಯ ಹೆಸರು ನೋಡಿದೆ. ಆ ಊರಿನ ಪ್ರೊಟೆಸ್ಟೆಂಟ್ ಚರ್ಚ್ ಪುಸ್ತಕ ಆರ್ಖಿಯೋನ್ ಅನ್ನೋ ಚರ್ಚ್ ದಾಖಲೆಗಳ ಆನ್‌ಲೈನ್ ತಾಣದಲ್ಲಿದೆ. ನನಗೆ ಚಂದಾ ಇದೆ, ಹಾಗಾಗಿ ತೆಗೆದು ನೋಡಿದೆ.

1712ರಲ್ಲಿ ಯೋಹಾನ್ ಪೀಟರ್ ಷ್ನೈಡರ್ ದೀಕ್ಷಾಸ್ನಾನ ಇರೋದು ನಿಜ. ಎಲ್ಲರೂ ಅಷ್ಟು ನೋಡಿ ಪುಸ್ತಕ ಮುಚ್ಚಿದ್ದಾರೆ. ಸಾವಿನ ಪುಟ ಯಾರೂ ತಿರುಗಿಸಿಲ್ಲ. ಆ ಮಗು 1714ರಲ್ಲಿ ತೀರಿಕೊಂಡಿದೆ. ಅಪ್ಪನ ಹೆಸರು, ಮಗುವಿನ ವಯಸ್ಸು ಎರಡೂ ಸರಿಯಾಗಿ ಹೊಂದುತ್ತೆ.

ಲ್ಯಾಂಕಾಸ್ಟರ್_ಲತಾ
ಅಯ್ಯೋ! ಎರಡು ವರ್ಷದ ಕೂಸು ಹಡಗು ಹತ್ತಿ ಬಂದು ಸಂಸಾರ ಮಾಡಿತಾ?

ಧಾರವಾಡದವ
ಎಷ್ಟೋ ಮನೆಯವರ ಮುತ್ತಾತ ಒಂದೇ ಏಟಿಗೆ ಹೋದ 😂

ಡಿಎನ್‌ಎ_ದಿನೇಶ
ಅದೇ ಊರಲ್ಲಿ ಆಮೇಲೆ ಇನ್ನೊಬ್ಬ ಯೋಹಾನ್ ಪೀಟರ್ ಹುಟ್ಟಿರಬಹುದಲ್ಲ?

ಸ್ಟುಟ್‌ಗಾರ್ಟ್_ಸೀನ
ಒಳ್ಳೆ ಪ್ರಶ್ನೆ. ಸತ್ತ ಮಗುವಿನ ಹೆಸರನ್ನು ಮುಂದಿನ ಮಗುವಿಗೆ ಇಡೋದು ಅಲ್ಲಿ ತೀರಾ ಸಾಮಾನ್ಯ. 1725ರವರೆಗೆ ನೋಡಿದೆ, ಆ ದಂಪತಿಗೆ ಮತ್ತೆ ಪೀಟರ್ ಇಲ್ಲ. ಇಬ್ಬರು ಹೆಣ್ಣುಮಕ್ಕಳು ಮಾತ್ರ.

ಇನ್ನೊಂದು. "ಯೋಹಾನ್" ನೋಡಿ ಮೋಸ ಹೋಗಬೇಡಿ. ಒಂದೇ ಮನೆಯಲ್ಲಿ ಯೋಹಾನ್ ಪೀಟರ್, ಯೋಹಾನ್ ಗಿಯೋರ್ಗ್, ಯೋಹಾನ್ ಆಡಮ್ ಇರ್ತಾರೆ. ಕರೆಯೋದು ಎರಡನೇ ಹೆಸರಿಂದಲೇ. ಅಮೆರಿಕದ ದಾಖಲೆಯಲ್ಲಿ ಮೊದಲನೆಯದು ಬಿದ್ದುಹೋಗಿ ಬರೀ ಪೀಟರ್, ಜಾರ್ಜ್, ಆಡಮ್ ಉಳಿಯುತ್ತೆ. ಬರೀ "ಯೋಹಾನೆಸ್" ಅಂತಿದ್ದರೆ ಮಾತ್ರ ಅವನು ನಿಜವಾಗಿ ಜಾನ್.

ಸುಮಾ_ಬರ್ಕ್ಸ್
ಸೀನಣ್ಣ, ತುಂಬಾ ಥ್ಯಾಂಕ್ಸ್. ಇತ್ತ ನನಗೂ ಒಂದು ಸಿಕ್ಕಿದೆ. ಚರ್ಚ್ ಪುಸ್ತಕದ ಮೈಕ್ರೋಫಿಲ್ಮ್‌ನಲ್ಲಿ 1754ರ ಪುಟ. ಟೈಪ್ ಮಾಡಿದ ಇಂಗ್ಲಿಷ್ ಪಟ್ಟಿಯಲ್ಲಿ "ಪೀಟರ್, ತಂದೆ ಜಾರ್ಜ್ ಷ್ನೈಡರ್" ಅಂತ ಮಾತ್ರ ಇತ್ತು, ತಾಯಿ ಇಲ್ಲ. ಮೂಲ ಪುಟದಲ್ಲಿ ಇನ್ನೂ ಎರಡು ಸಾಲು ಇವೆ, ನನಗೆ ಓದೋಕೆ ಆಗ್ಲಿಲ್ಲ. ಕೊನೆಗೆ "ಕ್ಲೈನಿನ್" ಅಂತ ಏನೋ ಕಾಣ್ತಿದೆ. ಕಿಣಿ ಅವರೇ, ಫೋಟೋ ಹಾಕಿದ್ದೇನೆ.

ಕುಡ್ಲ_ಕಿಣಿ
ಓದಿದೆ. ಶಾಯಿ ಹಿಂದಿನ ಪುಟದಿಂದ ಒಡೆದು ಬಂದಿದೆ, ಆದರೂ ಸ್ಪಷ್ಟ. ತಂದೆ ಯೋಹಾನ್ ಗಿಯೋರ್ಗ್ ಷ್ನೈಡರ್. ತಾಯಿ ಮರಿಯಾ ಬಾರ್ಬರಾ. ಸಾಕ್ಷಿಗಳು, ಅಂದರೆ ಮಗುವಿನ ಧರ್ಮಪಿತ, ಧರ್ಮಮಾತೆ: ಪೀಟರ್ ಕ್ಲೈನ್ ಮತ್ತು ಅವನ ಹೆಂಡತಿ ಅನ್ನಾ ಮಾರ್ಗರೆಟಾ ಕ್ಲೈನಿನ್. ಕೊನೆಯ "ಇನ್" ಬರೀ ಹೆಣ್ಣಿನ ಗುರುತು. ಮನೆಹೆಸರು ಕ್ಲೈನ್.

ಮಗುವಿಗೆ ಪೀಟರ್ ಹೆಸರು ಬಂದದ್ದು ಧರ್ಮಪಿತನಿಂದ. ಹಾಗಾಗಿ ಅಪ್ಪನೂ ಪೀಟರ್ ಇರಲೇಬೇಕು ಅನ್ನೋ ಊಹೆಗೆ ಕಾಲೇ ಇಲ್ಲ.

ಹಳೇ_ಕಡತ
ಇದೀಗ ಕೆಲಸ ಶುರು. ಷ್ನೈಡರನ್ನು ಸದ್ಯಕ್ಕೆ ಬಿಟ್ಟುಬಿಡಿ ಸುಮಾ. ಕ್ಲೈನ್ ಹಿಂದೆ ಹೋಗಿ.

ಯಾಕೆ ಅಂದರೆ, ಧರ್ಮಪಿತರಾಗಿ ದಾರಿಹೋಕರನ್ನು ಕರೆಯುತ್ತಿರಲಿಲ್ಲ. ಅಕ್ಕ, ಭಾವ, ಚಿಕ್ಕಪ್ಪ, ಇಲ್ಲವೆಂದರೆ ಊರಲ್ಲಿ ಪಕ್ಕದ ಮನೆಯವರು. ಜರ್ಮನ್ನರು ಒಬ್ಬೊಬ್ಬರೇ ಬಂದದ್ದು ಕಡಿಮೆ. ಒಂದೇ ಹಳ್ಳಿಯ, ಅಕ್ಕಪಕ್ಕದ ಹಳ್ಳಿಯ ಕುಟುಂಬಗಳು ರೈನ್ ನದಿ ಹಿಡಿದು ರಾಟರ್‌ಡ್ಯಾಮ್‌ಗೆ ಹೋಗಿ, ಒಟ್ಟಿಗೆ ಹಡಗು ಹತ್ತಿ, ಇಲ್ಲಿ ಬಂದು ಅಕ್ಕಪಕ್ಕ ಜಮೀನು ಹಿಡಿದರು. ಷ್ನೈಡರ್ ಹೆಸರಿನವರು ಊರಿಗೊಬ್ಬರು ಇದ್ದರು, ದರ್ಜಿ ಇಲ್ಲದ ಊರು ಎಲ್ಲಿದೆ? ಆದರೆ ಷ್ನೈಡರ್, ಕ್ಲೈನ್, ಮತ್ತೊಂದೆರಡು ಅಪರೂಪದ ಹೆಸರು, ಎಲ್ಲ ಒಂದೇ ಹಳ್ಳಿ ಪುಸ್ತಕದಲ್ಲಿ ಒಟ್ಟಿಗೆ ಸಿಕ್ಕಿದರೆ ಅದು ಕಾಕತಾಳೀಯ ಅಲ್ಲ.

ಗಿಯೋರ್ಗ್ ಅವರ ಉಳಿದ ಮಕ್ಕಳ ಧರ್ಮಪಿತರು ಯಾರು ಅಂತ ನೋಡಿ. ಗಿಯೋರ್ಗ್ ಯಾರ ಮಕ್ಕಳಿಗೆ ನಿಂತಿದ್ದಾನೆ ಅಂತಲೂ ನೋಡಿ. ಹ್ಯಾರಿಸ್‌ಬರ್ಗ್‌ನ ರಾಜ್ಯ ದಾಖಲೆಗಾರದಲ್ಲಿ ಜಮೀನಿನ ವಾರಂಟ್ (ಅಳೆಯುವ ಆದೇಶ), ಸರ್ವೆ, ಪೇಟೆಂಟ್ (ಹಕ್ಕುಪತ್ರ) ಮೂರೂ ಇವೆ. ಸರ್ವೆ ನಕ್ಷೆಯಲ್ಲಿ ಗಡಿಯಾಚೆ ಯಾರ ಜಮೀನು ಅಂತ ಬರೆದಿರುತ್ತಾರೆ. ಕ್ಲೈನ್ ಅಲ್ಲಿದ್ದರೆ ಹೇಳಿ.

ಮತ್ತೊಂದು, ಬರ್ಕ್ಸ್ ಕೌಂಟಿ ಆದದ್ದೇ 1752ರಲ್ಲಿ. ಅದಕ್ಕೂ ಮುಂಚಿನ ಕಾಗದ ಜಾಗ ನೋಡಿಕೊಂಡು ಫಿಲಡೆಲ್ಫಿಯಾ, ಲ್ಯಾಂಕಾಸ್ಟರ್ ಅಥವಾ ಚೆಸ್ಟರ್ ಕೌಂಟಿಯಲ್ಲಿರುತ್ತೆ. ಬರ್ಕ್ಸ್‌ನ ಕೇಂದ್ರ ರೆಡಿಂಗ್‌ನ ಕೋರ್ಟಿನಲ್ಲಿ ಹುಡುಕಿ ಇಲ್ಲ ಅಂತ ಬಿಡಬೇಡಿ.

ಸ್ಟುಟ್‌ಗಾರ್ಟ್_ಸೀನ
1752ರಲ್ಲಿ ಪಂಚಾಂಗವೂ ಬದಲಾಯ್ತು, ನೆನಪಿರಲಿ. ಬ್ರಿಟಿಷ್ ವಸಾಹತುಗಳಲ್ಲಿ ಸೆಪ್ಟೆಂಬರ್ 2ರ ಮಾರನೇ ದಿನ ಸೆಪ್ಟೆಂಬರ್ 14. ಅದಕ್ಕೆ ಮುಂಚೆ ಹೊಸ ವರ್ಷ ಮಾರ್ಚ್ 25ಕ್ಕೆ. ಒಬ್ಬನದೇ ಹುಟ್ಟಿದ ತಾರೀಖು ಎರಡು ಕಡೆ 11 ದಿನ ಹೆಚ್ಚುಕಡಿಮೆ ಇದ್ದರೆ ಇಬ್ಬರು ಅಂತ ಮಾಡಬೇಡಿ.

ಲ್ಯಾಂಕಾಸ್ಟರ್_ಲತಾ
ಒಂದು ವಿಷಯ ಯಾರೂ ಹೇಳಿಲ್ಲ. ಹಡಗಿನ ಬಾಡಿಗೆ ಕೊಡೋಕೆ ಆಗದವರು ಎಷ್ಟೋ ಜನ. ಫಿಲಡೆಲ್ಫಿಯಾದಲ್ಲಿ ಹಡಗು ನಿಂತ ಮೇಲೆ ಯಾರಾದರೂ ಬಂದು ಆ ಸಾಲ ತೀರಿಸಿ ಅವರನ್ನು ಕೆಲಸಕ್ಕೆ ಕರೆದುಕೊಂಡು ಹೋಗುತ್ತಿದ್ದರು. ದೊಡ್ಡವರು ಕೆಲವು ವರ್ಷ ದುಡಿಯಬೇಕು. ಮಕ್ಕಳು 21 ಆಗೋ ತನಕವೂ ದುಡಿದದ್ದುಂಟು. ಅಪ್ಪ ಒಂದು ಊರು, ಅಮ್ಮ ಒಂದು ಊರು, ಮಗಳು ಇನ್ನೊಂದು. ನಾನು ಇದನ್ನು ಓದಿದ ದಿನ ಊಟ ಸೇರಲಿಲ್ಲ.

ಜರ್ಮನ್‌ಟೌನ್‌ನಲ್ಲಿ ಕ್ರಿಸ್ಟೊಫ್ ಸೌವರ್ 1739ರಿಂದ ಜರ್ಮನ್ ಪತ್ರಿಕೆ ನಡೆಸುತ್ತಿದ್ದ. ಅದರಲ್ಲಿ ಜಾಹೀರಾತು ಬರುತ್ತಿತ್ತು: ಇಂಥ ಊರಿಂದ ಬಂದ ನನ್ನ ಅಣ್ಣ ಎಲ್ಲಿದ್ದಾನೆ, ತಂಗಿ ಯಾರ ಮನೆಯಲ್ಲಿದ್ದಾಳೆ ಅಂತ. ಅದರಲ್ಲಿ ಊರಿನ ಹೆಸರೂ ಇರುತ್ತೆ! ಅವುಗಳನ್ನು ಆರಿಸಿ ಇಂಗ್ಲಿಷ್‌ನಲ್ಲಿ ಪುಸ್ತಕ ಮಾಡಿದ್ದಾರೆ. ಕ್ಲೈನ್, ಷ್ನೈಡರ್ ಎರಡೂ ಹುಡುಕಿ.

ಗಿಯೋರ್ಗ್ ಬಂದ ಮೊದಲ ವರ್ಷಗಳಲ್ಲಿ ತೆರಿಗೆ ಪಟ್ಟಿಯಲ್ಲಿ ಕಾಣದಿದ್ದರೆ ಅದಕ್ಕೆ ಇದೂ ಕಾರಣ ಇರಬಹುದು. ಬೇರೆಯವರ ಹೊಲದಲ್ಲಿ ದುಡಿಯೋನಿಗೆ ತೆರಿಗೆ ಎಲ್ಲಿಂದ?

ಡಿಎನ್‌ಎ_ದಿನೇಶ
ಲತಾ ಅವರೇ, ಇದು ಗೊತ್ತಿರಲಿಲ್ಲ. ಲಾಂಛನ ತೂಗುಹಾಕಿದ ಮನೆಯವರಿಗೆ ಯಾರು ಹೇಳ್ತಾರೆ ಇದನ್ನ?

ಸುಮಾ_ಬರ್ಕ್ಸ್
ನಾನಂತೂ ಹೇಳಲ್ಲ 🙏

ಅಪ್‌ಡೇಟ್: ಸರ್ವೆ ನಕ್ಷೆ ಸಿಕ್ತು. ಗಿಯೋರ್ಗ್ ಷ್ನೈಡರ್ ಜಮೀನಿನ ಪೂರ್ವಕ್ಕೆ "ಪೀಟರ್ ಲಿಟಲ್" ಅಂತಿದೆ. ಕ್ಲೈನ್ ಇಲ್ಲ.

ಹಳೇ_ಕಡತ
ಅದೇ ಕ್ಲೈನ್! ಜರ್ಮನ್‌ನಲ್ಲಿ ಚಿಕ್ಕವನು ಅಂತ, ಸರ್ವೆಯವನು ಇಂಗ್ಲಿಷ್ ಮಾಡಿ ಬರೆದಿದ್ದಾನೆ. ಪೂರ್ತಿ ಖಚಿತ ಅನ್ನೋ ಮುಂಚೆ ಆ ಜಮೀನು ಮುಂದೆ ಯಾರಿಗೆ ಹೋಯ್ತು ನೋಡಿ. ಮಾರಿದ ಪತ್ರದಲ್ಲಿ ಹೆಂಡತಿ ಹೆಸರು ಮಾರ್ಗರೆಟ್ ಇದ್ದರೆ ಮುಗೀತು. ಲಿಟಲ್ ಹೆಸರಲ್ಲೂ ವಿಲ್ ಹುಡುಕಿ. ಮಕ್ಕಳು ಚಿಕ್ಕವರಿದ್ದಾಗ ತಂದೆ ಸತ್ತಿದ್ದರೆ ಅನಾಥರ ಕೋರ್ಟಿನ ಕಡತದಲ್ಲಿ ಪಾಲಕರ ಹೆಸರು ಬರುತ್ತೆ, ಅಲ್ಲೂ ನೆಂಟರೇ ಇರುತ್ತಾರೆ.

ಸ್ಟುಟ್‌ಗಾರ್ಟ್_ಸೀನ
ಕ್ಲೈನ್ ದಂಪತಿ ಇಲ್ಲಿಂದ ಹೋದವರಾಗಿದ್ದರೆ ಮದುವೆ ಇಲ್ಲಿಯ ಪುಸ್ತಕದಲ್ಲಿರಬೇಕು. ಪೀಟರ್ ಕ್ಲೈನ್ ಜೊತೆ ಅನ್ನಾ ಮಾರ್ಗರೆಟಾ. ಅವಳ ತವರು ಹೆಸರು ಷ್ನೈಡರ್ ಅಂತ ಬಂದರೆ ಗಿಯೋರ್ಗ್ ಅವಳ ತಮ್ಮನೋ ಅಣ್ಣನೋ. ಕ್ರೈಶ್‌ಗೌ ಕಡೆ ಎಷ್ಟೋ ಜನ ಜೀತದ ಪ್ರಜೆಗಳು. ಊರು ಬಿಡೋಕೆ ದುಡ್ಡು ಕಟ್ಟಿ ಬಿಡುಗಡೆ ಪತ್ರ ತಗೋಬೇಕಿತ್ತು. ಆ ಪತ್ರಗಳ ದಾಖಲೆಯಿಂದ ವೆರ್ನರ್ ಹ್ಯಾಕರ್ ಅನ್ನುವವರು ವಲಸೆ ಹೋದವರ ದೊಡ್ಡ ಪಟ್ಟಿಗಳನ್ನೇ ಮಾಡಿದ್ದಾರೆ. ಶನಿವಾರ ಲೈಬ್ರರಿಗೆ ಹೋಗುವವನಿದ್ದೇನೆ, ಕ್ಲೈನ್ ನೋಡಿ ಬರುತ್ತೇನೆ. ಕೆಲವು ಪಾದ್ರಿಗಳು ಹೆಸರಿನ ಪಕ್ಕದಲ್ಲೇ "ಪೆನ್ಸಿಲ್ವೇನಿಯಾಕ್ಕೆ ಹೋದ" ಅಂತ ಗೀಚಿಟ್ಟಿದ್ದಾರೆ. ಅಂಥದು ಸಿಕ್ಕಿದರೆ ಹಬ್ಬ.

ಸುಮಾ_ಬರ್ಕ್ಸ್
ಆಯ್ತು. ನಾನು ಸೋಮವಾರ ರೆಡಿಂಗ್‌ನಲ್ಲಿ ಮಾರಾಟ ಪತ್ರ ನೋಡ್ತೀನಿ. ದಿನೇಶ್, ಮಾವ ವೈ ಟೆಸ್ಟಿಗೆ ಒಪ್ಪಿದ್ದಾರೆ. ಲಾಂಛನ ಸಾಬೀತಾಗುತ್ತೆ ಅಂದುಕೊಂಡಿದ್ದಾರೆ.

ಡಿಎನ್‌ಎ_ದಿನೇಶ
😂😂 ಕಿಟ್ ಬಂದ ಮೇಲೆ ಹೇಳಿ, ಯಾವ ಗುಂಪಿಗೆ ಸೇರಿಸಬೇಕು ಅಂತ ತಿಳಿಸ್ತೀನಿ.

ಮೈಸೂರು_ಮಂಜು
ಇದೇ ಎಳೆಯಲ್ಲಿ ಕೇಳಬಹುದಾ? ನನ್ನ ಹೆಂಡತಿಯ ಮುತ್ತಜ್ಜ ಅಮೆರಿಕ ಸ್ವಾತಂತ್ರ್ಯ ಯುದ್ಧಕ್ಕೆ ಬ್ರಿಟಿಷರ ಪರ ಬಂದ ಹೆಸ್ಸಿಯನ್ (ಜರ್ಮನಿಯ ಹೆಸ್ಸೆ ಕಡೆಯ) ಸೈನಿಕ, ಸೈನ್ಯ ಬಿಟ್ಟು ಓಡಿಹೋಗಿ ಮೇರಿಲ್ಯಾಂಡ್‌ನಲ್ಲಿ ಮದುವೆಯಾದ ಅಂತ ಮನೆಯಲ್ಲಿ ಹೇಳ್ತಾರೆ.

ಹಳೇ_ಕಡತ
ಮಂಜು, ಸುಮಾರು 30,000 ಜರ್ಮನ್ ಸೈನಿಕರು ಬಂದಿದ್ದರು, ಸಾವಿರಗಟ್ಟಲೆ ಜನ ಇಲ್ಲೇ ಉಳಿದರು. ಹಾಗಾಗಿ ಇರಬಹುದು. ಆದರೆ 1776ಕ್ಕೆ ಮುಂಚಿನ ತೆರಿಗೆ ಪಟ್ಟಿಯಲ್ಲಿ ಅದೇ ಹೆಸರು ಅಲ್ಲಿ ಇದೆಯಾ ಅಂತ ಮೊದಲು ನೋಡಿ. ಹೆಸ್ಸೆ-ಕಾಸೆಲ್ ಸೈನಿಕರ ಹೆಸರಿನ ಸೂಚಿ ಮಾರ್ಬುರ್ಗ್‌ನವರು ಮಾಡಿದ್ದು ಆನ್‌ಲೈನ್‌ನಲ್ಲೇ ಇದೆ, ಉಚಿತ. ಹೊಸ ಎಳೆ ತೆಗೀರಿ, ಅಲ್ಲಿ ಮಾತಾಡೋಣ. ಹೆಸರಿನ ಎಲ್ಲ ಕಾಗುಣಿತಗಳನ್ನೂ ಮೊದಲ ಪೋಸ್ಟ್‌ನಲ್ಲೇ ಹಾಕಿ.